ರಾಳ ಹುಯ್ದು ಬಗ್ಗಿಸಿದ ಕೊಳವೆ

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಐವತ್ತರ ದಶಕದಲ್ಲಿ ಚಾಮರಾಜನಗರದಲ್ಲಿ ನನ್ನದೊಂದು ರಿಪೇರಿ ಶೆಡ್ಡಿತ್ತು. ಊರಿನ ರೇಷ್ಮೆ ಸಾಹುಕಾರರೊಬ್ಬರು ಊಟಿ ಕಡೆಯ ಎಸ್ಟೇಟಿನ ದೊರೆಯೊಬ್ಬನಿಂದ ಎರಡೇ ಸೀಟಿನ ಹಳೆಯ ರೇಸು ಕಾರೊಂದನ್ನು ಕೊಂಡು ತಂದರು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲು ಕೊಳವೆ ತುಕ್ಕು ತಿಂದು ಅಲ್ಲಲ್ಲಿ ಒಸರುತ್ತಿತ್ತು. ಮೈಸೂರಿಗೆ ಕಳಿಸುತ್ತೇನೆ ಎಂದರು. ಬೇಡ, ನಾನೇ ಹಾಕುತ್ತೇನೆ ಎಂದೆ. ಲಾರಿ ಬಿಟ್ಟರೆ ಬೇರೆ ಗಾಡಿ ನನ್ನ ಕೈಗೆ ಹತ್ತುವುದಿಲ್ಲವೆಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಆ ಮಾತು ನಿಲ್ಲಬೇಕಿತ್ತು.

ತಾಮ್ರದ ಕೊಳವೆಗಳನ್ನು ತರಿಸಿದೆ. ಬರಿದೇ ಬಗ್ಗಿಸಿದರೆ ತಾಮ್ರ ಮಡಿಸಿಕೊಂಡು ದಾರಿ ಮುಚ್ಚುತ್ತದೆ. ಅದಕ್ಕೆ ಒಡವೆ ಕೆಲಸದ ಆಚಾರ್ರ ಹತ್ತಿರ ಹೋದೆ. ಅವರು ಟೊಳ್ಳು ಬಳೆಗೆ ಮಾಡುವಂತೆಯೇ ಕಾದ ರಾಳ ಹುಯ್ದು, ಆರಿಸಿ, ಹಳೆಯ ಕೊಳವೆಯ ಅಚ್ಚಿಗೆ ಬಗ್ಗಿಸಿ, ಮತ್ತೆ ಕಾಯಿಸಿ ರಾಳ ಇಳಿಸಿಕೊಟ್ಟರು. ನಾನು ಬಾಯಿಟ್ಟು ಊದಿದೆ. ಆ ತುದಿಯಿಂದ ಗಾಳಿ ಬಂತು. ಅಷ್ಟಕ್ಕೇ ಜೋಡಿಸಿಬಿಟ್ಟೆ.

ಕಾರು ಗುಂಡ್ಲುಪೇಟೆ ದಾರಿಯ ಹರವೆ ಊರು ದಾಟುವಷ್ಟರಲ್ಲಿ ನಿಂತಿತು. ಕಾರ್ಬೊರೇಟರ್ ಬಿಚ್ಚಿದರೆ ಒಳಗೆ ಬೆಲ್ಲದ ಪಾಕದಂಥ ಅಂಟು. ಕೊಳವೆಯ ಗೋಡೆಗೆ ಮೆತ್ತಿದ್ದ ರಾಳ ಪೆಟ್ರೋಲಿಗೆ ಕರಗಿ ಬಂದಿತ್ತು. ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದೆವು.

"ಏನ್ಲಾ, ಎತ್ತು ಸೇರ್ಸೇ ರಿಪೇರಿ ಮಾಡ್ಕೊಟ್ಯಾ?" ಎಂದು ಹೋಟೆಲಿನ ಮುಂದಿದ್ದವನೊಬ್ಬ ಕೂಗಿದ.

ಸಾಹುಕಾರರು ನಗಲಿಲ್ಲ. "ನಾಳಿದ್ದು ರೈಲ್ಗೆ ಏರ್ಸಿ ಮೈಸೂರ್ಗೆ ಕಳಿಸ್ಬುಡ್ತೀನಿ ಕಣಯ್ಯಾ."

"ನಾಳೆ ಒಂದಿನ ಬುಡಿ ಯಜಮಾನ್ರೇ," ಎಂದೆ. "ತಪ್ಪು ನಂದು. ಊದಿ ನೋಡ್ದೆ, ತೊಳ್ದು ನೋಡ್ನಿಲ್ಲ."

ಇನ್ನೊಂದು ಕೊಳವೆ ಹಿಡಿದು ಹೋದಾಗ ಆಚಾರ್ರಿಗೆ ಸಿಟ್ಟು. "ನಲವತ್ತೊರ್ಸದಿಂದ ರಾಳ ಉಯ್ತಿವ್ನಿ, ಯಾವ ಬಳೇನೂ ನಡುದಾರೀಲಿ ನಿಂತೋಗಿಲ್ಲ ಕಣ್ಲಾ!"

"ಬಳೆ ಪೆಟ್ರೋಲ್ ಕುಡಿಯಕಿಲ್ವಲ್ಲ ಆಚಾರ್ರೇ."

ಅವರು ಗೊಣಗುತ್ತಲೇ ಜರಡಿ ಕೊಟ್ಟರು. ಸಣ್ಣ ಮರಳನ್ನು ಹುರಿದು, ಜರಡಿ ಹಿಡಿದು, ಕೊಳವೆಗೆ ತುಂಬಿ, ಎರಡು ಬಾಯಿಗೂ ಮರದ ಬೆಣೆ ಬಡಿದು ಬಗ್ಗಿಸಿದೆವು. ಆಮೇಲೆ ತಟ್ಟಿ ಮರಳು ಸುರಿದೆ. ಕೊಳವೆಯೊಳಗಿಂದ ಬಿಳಿ ಬಟ್ಟೆಯ ಮೇಲೆ ಪೆಟ್ರೋಲು ಹಾಯಿಸಿದೆ. ಬಟ್ಟೆಯಲ್ಲಿ ಒಂದು ಕಣವೂ ಕಾಣದಾಗುವವರೆಗೆ ಹಾಯಿಸುತ್ತಲೇ ಇದ್ದೆ. ಕಾರ್ಬೊರೇಟರಿನ ಅಂಟನ್ನೂ ತೊಳೆದು, ಆಮೇಲೆ ಕೊಳವೆ ಜೋಡಿಸಿದೆ.

ಮಾರನೆಯ ಬೆಳಿಗ್ಗೆ ಸಾಹುಕಾರರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನಿಂತ್ರೆ ನೀನೇ ತಳ್ಬೇಕು, ಗ್ಯಾಪ್ಕ ಇರ್ಲಿ."

ಗುಂಡ್ಲುಪೇಟೆಯವರೆಗೂ ಎಲ್ಲೂ ನಿಲ್ಲಲಿಲ್ಲ. ಅಲ್ಲಿ ಕಾರಿನ ಕೆಳಗೆ ಮಲಗಿ ಕೈಯಾಡಿಸಿದೆ, ಕೊಳವೆಯ ಬೆಸುಗೆಗಳು ಎಲ್ಲೂ ಒಸರಿರಲಿಲ್ಲ. ಸಾಹುಕಾರರು ಕಾಫಿ ಕುಡಿದು ಬಂದು, ಊಟಿಗೆ ಹೋಗುತ್ತೇನೆ, ನೀನು ಬಸ್ಸಿಗೆ ಹೋಗು ಎಂದರು. ನಿಂತರೆ ತಳ್ಳುವುದಕ್ಕೆಂದು ಘಾಟಿಗೆ ನನ್ನನ್ನು ಜೊತೆಗೆ ಕರೆಯಲಿಲ್ಲ. ನನಗೆ ಅಷ್ಟೇ ಸಾಕು ಅನ್ನಿಸಿತು.