ಲಗಮವ್ವ ಮತ್ತು ಒಂದು ತಂಬಿಗೆ ನೀರು

ಲಗಮವ್ವ ಪಾತ್ರೆಗಳನ್ನು ಬೈಯುತ್ತಿದ್ದಳು. ಇದೊಂದು ನನಗೆ ಖಚಿತ. ಉಳಿದದ್ದರಲ್ಲಿ ಎಷ್ಟು ನಿಜ, ಎಷ್ಟು ನಾನೇ ಆಮೇಲೆ ಕಟ್ಟಿಕೊಂಡದ್ದು, ಹೇಳಲಾರೆ. ಅವಳ ಸೀರೆ ಹಸಿರು ಎಂದು ದಿನಚರಿಯಲ್ಲಿ ಒಂದು ಕಡೆ ಬರೆದಿದ್ದೇನೆ, ಇನ್ನೊಂದು ಕಡೆ ಕೆಂಪು ಎಂದು. ಹಿತ್ತಲಲ್ಲಿ ನುಗ್ಗೆಮರ ಇತ್ತೆನ್ನುತ್ತೇನೆ ನಾನು. ಇರಲೇ ಇಲ್ಲ ಎನ್ನುತ್ತಾಳೆ ಅವ್ವ. ಒಮ್ಮೆ ಲಗಮವ್ವನ ಮೇಲೆ ಕಥೆ ಬರೆದು ಅಚ್ಚು ಹಾಕಿಸಿದವಳು ನಾನು. ಅಂಥವಳ ನೆನಪನ್ನು ಯಾರೂ ಸುಮ್ಮನೆ ನಂಬಬಾರದು, ನಾನಂತೂ ನಂಬುವುದಿಲ್ಲ.

ಬೈಗುಳ ಮಾತ್ರ ನಿಜ. ಗೋಕಾಕದ ನಮ್ಮ ಮನೆಯ ಹಿತ್ತಲಲ್ಲಿ, ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬೂದಿ ಮತ್ತು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಒಂದೊಂದು ಪಾತ್ರೆಯ ಜೊತೆಗೂ ಜಗಳ ತೆಗೆಯುತ್ತಿದ್ದಳು. ದೊಡ್ಡ ಹೊಟ್ಟೆಯ ಹಂಡೆಗೆ ಅವಳು ಇಟ್ಟ ಹೆಸರು 'ಸಾವ್ಕಾರ'. ನಮ್ಮಪ್ಪನನ್ನೂ ಹಾಗೇ ಕರೆಯುತ್ತಿದ್ದಳು. "ಏ ಸಾವ್ಕಾರಾ, ಎಷ್ಟ ಉಣ್ಣತೀಯೋ? ಮೊಣಕೈ ಮಟಾ ಹಾಕಿದ್ರೂ ತಳಾ ಸಿಗವಲ್ದು!" ಹಾಲಿನ ಬೋಗುಣಿ 'ದೊಡ್ಡಕ್ಕಾರು', ಅಂದರೆ ನಮ್ಮ ಆಯಿ, ಅಪ್ಪನ ತಾಯಿ. "ಮ್ಯಾಲ ಥಳಥಳಾ ಅಂತೀರಿ ದೊಡ್ಡಕ್ಕಾರ. ತಳದಾಗಿನ ಕರಿ ಮಾತ್ರ ಹೋಗವಲ್ದು ನೋಡ್ರಿ."

ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಒಳಗಿನಿಂದ ಆಯಿ ಕೂಗುತ್ತಿದ್ದಳು, "ಯಾರ ಜೋಡಿ ಮಾತಾಡಾಕತ್ತೀ ಲಗಮಿ?"

"ಯಾರ ಜೋಡಿನೂ ಇಲ್ರಿ. ಬೋಗೋಣಿ ಜೋಡಿ."

ಲಗಮವ್ವ ಘೋಡಗೇರಿಯವಳು. ಮದುವೆಯಾಗಿ ಗೋಕಾಕದ ದಲಿತ ಕೇರಿಗೆ ಬಂದವಳು. ಅವ್ವನಿಗಿಂತ ಹತ್ತು ವರ್ಷವಾದರೂ ದೊಡ್ಡವಳು. ಆದರೂ ಮನೆಯ ಮಕ್ಕಳೆಲ್ಲ ಅವಳಿಗೆ 'ಲಗಮಿ, ಬಾ' ಎನ್ನುತ್ತಿದ್ದೆವು. ಅವಳು ಏಳು ವರ್ಷದ ನನಗೆ 'ಅಕ್ಕಾರ, ಬರ್ರಿ' ಎನ್ನುತ್ತಿದ್ದಳು.

ಪಾತ್ರೆ ತಿಕ್ಕಲು ಅವಳ ಕೈ ಬೇಕು. ಒಳಗೆ ಬರುವ ಪಾತ್ರೆಗೆ ಅವಳ ಕೈ ತಾಕಿರಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸಲು ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಲಗಮವ್ವ ತಿಕ್ಕಿ ತೊಳೆದ ಪಾತ್ರೆಗಳನ್ನು ಕಟ್ಟೆಯ ಮೇಲೆ ಬೋರಲು ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಆಮೇಲೆ ಮನೆಯವರೊಬ್ಬರು ತಂಬಿಗೆಯಲ್ಲಿ ನೀರು ತಂದು ಅವುಗಳ ಮೇಲೆ ಹಾಕಬೇಕು. ಅಷ್ಟಾದರೆ ಅವಳು ಮುಟ್ಟಿದ ಮೈಲಿಗೆ ಹೋಯಿತು. ಪಾತ್ರೆ ಒಳಗೆ. ಹಿಂದೆ ಸರಿಯುವಾಗ ಲಗಮವ್ವ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದಳು: "ತಗೋರಿ ಅಕ್ಕಾರ, ಇನ್ನ ನಿಮ್ಮವು."

'ಅಕ್ಕಾರ' ಎಂದರೆ ನಾನು. ನೀರು ಹಾಕುವ ಕೆಲಸ ನನ್ನದಾಗಿತ್ತು.

ನಮ್ಮದು ಶರಣರನ್ನು ನಂಬಿದ ಮನೆ. ಪಡಸಾಲೆಯಲ್ಲಿ ಅವರ ಪಟವಿತ್ತು, ಬೆಳಿಗ್ಗೆ ಸಂಜೆ ಊದುಬತ್ತಿ. ಹುಟ್ಟಿನಿಂದ ಯಾರೂ ಕೀಳಲ್ಲ ಎಂದವರ ಪಟದ ಧೂಳು ಒರೆಸಲಿಕ್ಕಾದರೂ ಲಗಮವ್ವನನ್ನು ಯಾರೂ ಒಳಗೆ ಕರೆಯಲಿಲ್ಲ.

ಒಂದು ದಿನ ತಂಬಿಗೆ ಹಿಡಿದುಕೊಂಡು ಬರುವಾಗ ಪಾಚಿಗೆ ಜಾರಿ ಬಿದ್ದೆ. ಹಣೆ ಕಲ್ಲಿಗೆ ಬಡಿಯಿತು. ಲಗಮವ್ವ ಓಡಿಬಂದು ನನ್ನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಸೆರಗಿನಿಂದ ಗಾಯ ಒತ್ತಿ ಹಿಡಿದಳು. ಆಯಿ ಹೊರಗೆ ಬಂದವಳು ಮೊದಲು ನನ್ನನ್ನು ಇಳಿಸಲು ಹೇಳಿದಳು. ಆಮೇಲೆ ನನ್ನ ತಲೆಯ ಮೇಲೆ ಒಂದು ಕೊಡ ನೀರು ಸುರಿದಳು. ರಕ್ತ ನೀರಿನ ಜೊತೆ ಕಣ್ಣಿಗಿಳಿಯಿತು. ಅಷ್ಟು ದೂರ ನಿಂತು ಲಗಮವ್ವ ಕೂಗಿದಳು, "ಮೊದಲ ಅರಿಷಿಣಾ ಹಚ್ರಿ ಅಕಿಗೆ! ನೀರ ಆಮ್ಯಾಲ ಹಾಕ್ರಿ! ಮಡಿ ಎಲ್ಲಿ ಓಡಿ ಹೊಂಟೈತಿ?"

ನಾನೂ ಏನೋ ಕೂಗಿದೆ. "ಲಗಮಿ ಮುಟ್ಟಿದ್ಲು" ಎಂದು ಅತ್ತೆನೆಂದು ನನ್ನ ನೆನಪು. ಅದನ್ನು ಹೇಳಿದ್ದು ಆಯಿಯೂ ಇರಬಹುದು. ಅವಳೇ ಹೇಳಿರಲಿ ಎಂದು ಎಷ್ಟೋ ವರ್ಷ ಆಸೆಪಟ್ಟಿದ್ದೇನೆ.

ಮರುದಿನ ಲಗಮವ್ವ ಆ ತಂಬಿಗೆಯನ್ನು ತಿಕ್ಕುತ್ತ ಬೈದಳು: "ನಾಳಿಗೆ ಬಿದ್ದಿ ಅಂದ್ರ ಬಿದ್ಕೊಂಡ ಇರು. ಎತ್ತಾಕಿ ನಾ ಅಲ್ಲ."

ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ, ಬಿಳಿಯರ ಮನೆಗಳಲ್ಲಿ ದುಡಿದ ಕಪ್ಪು ಹೆಂಗಸರ ಕಾದಂಬರಿಗಳನ್ನು ಓದಿದೆವು. ಮಗುವನ್ನು ಎತ್ತಿ ಆಡಿಸುವವಳಿಗೆ ಊಟದ ತಟ್ಟೆ ಬೇರೆ ಎಂದು ಓದಿ ಕುದಿದುಹೋದೆ. ಇಂಥ ಕಾದಂಬರಿಗಳಲ್ಲಿ ಒಳ್ಳೆಯ ಮನಸ್ಸಿನ ಒಬ್ಬ ಬಿಳಿ ಹುಡುಗಿ ಯಾವಾಗಲೂ ಇರುತ್ತಾಳೆ, ಓದುಗರು ಅವಳ ಬೆನ್ನ ಹಿಂದೆ ಅಡಗಿಕೊಂಡು ಅಳುತ್ತಾರೆ ಎಂದು ಪ್ರಬಂಧ ಬರೆದೆ. ಎಲ್ಲರೂ ಹೊಗಳಿದರು. ರಜೆಗೆ ಗೋಕಾಕಕ್ಕೆ ಬಂದು ಲಗಮವ್ವ ತಿಕ್ಕಿದ, ಅವ್ವ ನೀರು ಹಾಕಿದ ಕಪ್ಪಿನಲ್ಲಿ ಚಹಾ ಕುಡಿದೆ. ವಾಪಸು ಹೋಗಿ ಆ ಕಥೆ ಬರೆದೆ. ಅದರಲ್ಲಿ ಹಣೆಗೆ ಗಾಯವಾದ ಹುಡುಗಿ ಅಜ್ಜಿಯ ಕೊಡವನ್ನು ತಳ್ಳಿ, ಕೆಲಸದವಳನ್ನು ಅಪ್ಪಿಕೊಂಡು, ಅವಳ ಕಪ್ಪಿನಲ್ಲೇ ಚಹಾ ಕುಡಿಯುತ್ತಾಳೆ. ಕೆಲಸದವಳು ಕಣ್ಣೀರು ಹಾಕಿ ಹರಸುತ್ತಾಳೆ. ಕೆಲಸದವಳ ಹೆಸರು ಲಗಮವ್ವ. ಪ್ರಬಂಧದಲ್ಲಿ ನಾನು ಹಂಗಿಸಿದ್ದ ಬಿಳಿ ಹುಡುಗಿಗೆ ಪರಕಾರ ತೊಡಿಸಿ ನಮ್ಮ ಹಿತ್ತಲಲ್ಲಿ ನಿಲ್ಲಿಸಿದ್ದೆ, ಅಷ್ಟೇ.

ಹೋದ ವರ್ಷ ಆ ಕಥೆಯನ್ನು ಒಂದು ಸಂಕಲನಕ್ಕೆ ಕೇಳಿದರು. ಲಗಮವ್ವ ಆಗ ಮೂಡಲಗಿಯಲ್ಲಿ, ಅಂಗನವಾಡಿಯಲ್ಲಿ ಕೆಲಸ ಮಾಡುವ ಮಗಳು ಶಾಂತಾಳ ಮನೆಯಲ್ಲಿದ್ದಳು. ಒಪ್ಪಿಗೆ ಕೇಳಲು ಹೋಗುತ್ತೇನೆ ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ಆಶೀರ್ವಾದ.

ಕಥೆಯನ್ನು ಓದಿ ಹೇಳಿದೆ. ಲಗಮವ್ವ ಎಲೆಅಡಿಕೆ ಜಗಿಯುತ್ತ ಪೂರ್ತಿ ಕೇಳಿದಳು.

"ಚಲೋ ಬರದೀರಿ. ಆ ಹುಡುಗಿ ಯಾರ್ರಿ?"

"ನಾನ, ಲಗಮವ್ವ."

"ನೀವಾ?" ಮಗಳ ಕಡೆ ನೋಡಿ ನಕ್ಕಳು. "ಹಂಗಾರ ನೀರ ಹಾಕಾಕಿ ಎಲ್ಲಿ ಹ್ವಾದಳು?"

ನಾನು ಹಾಳೆ ಮಡಚಿದೆ.

"ಮತ್ತ ಆ ಅಳಾಕಿ ಯಾರು? ನಿಮ್ಮ ಹಿತ್ತಲದಾಗ ಬೂದಿ ಕಣ್ಣಾಗ ಬಿದ್ರೂ ನಾ ಅತ್ತಿಲ್ಲ. ಬೈದೀನಿ. ಅದನ್ಯಾಕ ಬರೀಲಿಲ್ಲ?"

"ಸಣ್ಣಾಕಿ ಇದ್ದೆ, ಲಗಮವ್ವ. ಆಯಿ ಹೇಳಿದಂಗ ಮಾಡ್ತಿದ್ದೆ."

"ಸುಳ್ಳ. ನೀವು ಮೊದಲನೇ ಸಲ ನೀರ ಹಾಕಿದ ದಿನಾ ದೊಡ್ಡಕ್ಕಾರು ಮನ್ಯಾಗ ಇರಲಿಲ್ಲ. ಹುಕ್ಕೇರಿಗೆ ಲಗ್ನಕ್ಕ ಹೋಗಿದ್ರು. ನಿಮ್ಮವ್ವಾರು ಆಕಡೆ ಈಕಡೆ ನೋಡಿ, ನೀರ ಹಾಕದ ಹಂಗ ಪಾತ್ರಿಗೆ ಕೈ ಹಚ್ಚಿದ್ರು. ನೀವು ತಂಬಿಗಿ ಹಿಡ್ಕೊಂಡು ಓಡಿ ಬಂದ್ರಿ. 'ತಡಿ ಅವ್ವಾ, ನೀರ ಹಾಕಿಲ್ಲ' ಅಂದ್ರಿ. ಅವ್ವಾರು ಕೈ ಹಿಂದ ತಗೊಂಡ್ರು. ನನಗ ಚಂದಂಗಿ ನೆನಪೈತಿ. ಅದೊಂದ ದಿನಾ ನಾ ಯಾವ ಪಾತ್ರಿಗೂ ಬೈಲಿಲ್ಲ."

ಅವಳ ನೆನಪೂ ತಪ್ಪಿರಬಹುದಲ್ಲ ಎಂದು ಒಂದು ಕ್ಷಣ ಅನಿಸಿತು. ಮರುಕ್ಷಣ ನನ್ನ ಮೇಲೆಯೇ ಸಿಟ್ಟು ಉಕ್ಕಿತು. ನನ್ನ ಸುಳ್ಳನ್ನು ಅಚ್ಚಿಗೆ ಕೊಡುವಾಗ ಈ ಅನುಮಾನ ಎಲ್ಲಿ ಸತ್ತಿತ್ತು?

ಶಾಂತಾ ತೊಳೆದ ಕಪ್ಪುಗಳನ್ನೂ ಚಹಾದ ಪಾತ್ರೆಯನ್ನೂ ತಂದಿಟ್ಟಳು. ಲಗಮವ್ವ ಒಂದು ಕಪ್ಪು ಎತ್ತಿಕೊಂಡು ಹೊಸ್ತಿಲಿಗೆ ಹೋದಳು. ತಂಬಿಗೆಯಿಂದ ಅದರ ಮೇಲೆ ನಿಧಾನವಾಗಿ ನೀರು ಹಾಕಿ ನನ್ನ ಮುಂದೆ ಹಿಡಿದಳು.

"ತಗೋರಿ ಅಕ್ಕಾರ, ಇನ್ನ ನಿಮ್ದು."

"ಯವ್ವಾ, ಸಾಕ ಮಾಡ," ಎಂದಳು ಶಾಂತಾ.

"ಯಾಕ? ಏಳು ವರ್ಷದಾಕಿಗೆ ಬರ್ತಿತ್ತು. ಎಪ್ಪತ್ತ ದಾಟೇತಿ, ನನಗ ಬರಬಾರ್ದೇನು?"

ಚಹಾ ಕುಡಿದೆ. ಕುಡಿದೆನೆಂದು ಇಲ್ಲಿ ಬರೆಯಲೂ ನಾಚಿಕೆ. ಕಥೆಯ ಹುಡುಗಿಯೇ ಮತ್ತೆ ಬಂದು ಕುಡಿದಂತಿದೆ. ನಾನು ಹೊರಡಲು ಏಳುವಾಗ ಲಗಮವ್ವ ಹೇಳಿದಳು, "ಹಾಕಸೂದಿದ್ರ ಖರೇದು ಹಾಕಸ್ರಿ. ಆಗಂಗಿಲ್ಲಂದ್ರ ನನ್ನ ಹೆಸರ ತಗೀರಿ."

ಕಥೆಯನ್ನು ವಾಪಸು ಪಡೆದೆ. ಖರೇದನ್ನು ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಐದನೆಯದು ಮುಗಿಯುವ ಮೊದಲೇ ಶಾಂತಾಳ ಫೋನು ಬಂತು. ಲಗಮವ್ವನ ಮಣ್ಣಿಗೆ ನಮ್ಮ ಮನೆಯಿಂದ ನಾನೊಬ್ಬಳೇ ಹೋದೆ. ಮೊಣಕಾಲು ನೋವೆಂದು ಅವ್ವ ಬರಲಿಲ್ಲ.

ಈಗ ನಮ್ಮ ಮನೆಗೆ ಬೇರೆ ಹೆಂಗಸು ಬರುತ್ತಾಳೆ. ಹಿತ್ತಲಲ್ಲ, ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಾಳೆ. ಕಾಲ ಬದಲಾಯಿತೆಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ. ಅವಳು ಹೋದ ಮೇಲೆ ಅವ್ವ ಎದ್ದು ಒಂದೊಂದೇ ಪಾತ್ರೆಯನ್ನು ಮತ್ತೆ ನಳದ ಕೆಳಗೆ ಹಿಡಿಯುತ್ತಾಳೆ. "ಸೋಪು ಉಳಿದಿರ್ತೈತಿ," ಎನ್ನುತ್ತಾಳೆ. ಆಗ ಮೊಣಕಾಲು ನೋಯುವುದಿಲ್ಲ.

ಅವ್ವ ಹಾಗೆ ನಳದ ಮುಂದೆ ನಿಂತಿದ್ದಾಗಲೇ ಒಂದು ಮಾತು ಕೇಳಿದೆ. ಹದಿನೆಂಟು ದಿನವಾಯಿತು. ಅವ್ವ ನನ್ನ ಜೊತೆ ಮಾತು ಬಿಟ್ಟಿಲ್ಲ. ಸೊಪ್ಪು, ಕರೆಂಟು, ಓಣಿಯವರ ಮದುವೆ, ಎಲ್ಲ ಮಾತಾಡುತ್ತಾಳೆ. ಇದೊಂದಕ್ಕೆ ಮಾತ್ರ ಉತ್ತರವಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಆಯಿ ಹುಕ್ಕೇರಿಗೆ ಹೋಗಿದ್ದಳು. ಮನ್ಯಾಗ ನೀ ಒಬ್ಬಾಕೀನ ದೊಡ್ಡಾಕಿ. ಏಳು ವರ್ಷದ ಹುಡುಗಿ ತಡಿ ಅಂದ್ರ, ನೀ ಯಾಕ ಕೈ ಹಿಂದ ತಗೊಂಡಿ?"