ಕಾರಂಜಿಗೆ ಪ್ರದಕ್ಷಿಣೆ

ನಾನು ಚಿಕ್ಕವನಿದ್ದಾಗ ಮೈಸೂರು ಎಂದರೆ ನನಗೆ ಒಂದು ಆಲದ ಮರ. ಕಣ್ಣಾರೆ ಕಂಡದ್ದಲ್ಲ, ಅಪ್ಪ ಹೇಳಿದ್ದು. ಹುಲ್ಲಹಳ್ಳಿ ಪಕ್ಕದ ನಮ್ಮೂರಿನಿಂದ ಯಾರು ಮೈಸೂರಿಗೆ ಹೊರಟರೂ ಅಪ್ಪ ಜಗಲಿಯಲ್ಲಿ ಕೂತು ದಾರಿ ಹೇಳುತ್ತಿದ್ದ. "ಸರ್ಕಲ್ಲಲ್ಲಿ ಆಲದ್ ಮರ ಅದೆ. ಅದ್ರ ಕೆಳ್ಗೆ ಜಟಕಾ ನಿಂತಿರ್ತವೆ. ಕುದ್ರೆ ಮಕ ಯಾವ ಕಡೀಕದೋ ಅದೇ ಕಾಲೇಜ್ ರಸ್ತೆ ಕಣ್ಲಾ."

ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಟೀಚರ್ ಟ್ರೈನಿಂಗಿಗೆ ಬಾ ಎಂದು ಮೈಸೂರಿನ ಕಾಲೇಜಿನಿಂದ ಕಾಗದ ಬಂತು. ಹೇಳಿದ ದಿನ ಹನ್ನೊಂದು ಗಂಟೆಯೊಳಗೆ ಮಾರ್ಕ್ಸ್ ಕಾರ್ಡ್ ಸಮೇತ ಹಾಜರಾಗದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತಿತ್ತು. ಸೀಟು ತಪ್ಪಿದರೆ ಅಕ್ಕನಿಗೆ ಮದುವೆ ಮಾಡಿಬಿಡುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ನಾನು ಅತ್ತೂ ಕರೆದೂ ಅಪ್ಪ, ಅಕ್ಕನ ಜೊತೆ ಹೊರಟೆ. ಕಾಗದಗಳಿದ್ದ ಬದನವಾಳಿನ ಖಾದಿ ಚೀಲವನ್ನು ನಾನೇ ಹೊರುತ್ತೇನೆಂದು ಹಟ ಮಾಡಿ ಹೆಗಲಿಗೇರಿಸಿಕೊಂಡೆ.

ಬಸ್ಸಿಳಿದು ನಡೆದು ಸರ್ಕಲ್ಲಿಗೆ ಬಂದರೆ ಮರವೂ ಇಲ್ಲ, ಕುದುರೆಯೂ ಇಲ್ಲ! ಅಲ್ಲೊಂದು ದುಂಡನೆಯ ಹೊಸ ಪಾರ್ಕು. ಹಸಿ ಬಣ್ಣದ ವಾಸನೆ ಹೊಡೆಯುವ ಕಬ್ಬಿಣದ ಬೇಲಿ, ಕೆಂಪು ಎಲೆಗಳ ಗಿಡಗಳು, ಎಲ್ಲ ಒಂದೇ ಥರದ ಹಳದಿ ಬೆಂಚುಗಳು. ನಟ್ಟನಡುವೆ ತೆಂಗಿನ ಮರದೆತ್ತರಕ್ಕೆ ಭೋರೆಂದು ಚಿಮ್ಮುವ ಕಾರಂಜಿ. ನಾಲೆಯ ನೀರು ಹರಿಯುವುದನ್ನು ಬಲ್ಲ ನಮಗೆ ನೀರು ಮೇಲಕ್ಕೆ ಹಾರುವುದು ಅರ್ಥವೇ ಆಗಲಿಲ್ಲ. "ಇಷ್ಟ್ ನೀರು ಯಾವ ಗದ್ದೆಗೆ ಓತದೆ?" ಎಂದ ಅಪ್ಪ. ಸುತ್ತಲೂ ಐದು ರಸ್ತೆ, ಐದೂ ಒಂದೇ ಥರ. ಜಗಲಿಯ ಮೇಲೆ ಅಷ್ಟು ಜೋರಾಗಿ ದಾರಿ ಹೇಳುತ್ತಿದ್ದ ಅಪ್ಪನ ಮುಖ ಸಣ್ಣಗಾಯಿತು.

"ಇಲ್ಲೇ ಕುಂತಿರು, ಚೀಲ ಬುಟ್ಟು ಅತ್ತಿತ್ತ ಓಗ್ಬ್ಯಾಡ" ಎಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಅಪ್ಪ, ಅಕ್ಕ ದಾರಿ ಕೇಳಲು ಗೇಟಿನ ಕಡೆ ಹೋದರು. ನಾನು ಕೂರುವ ಪ್ರಾಣಿಯೇ? ಕಾರಂಜಿಯ ತುಂತುರಿಗೆ ಮುಖವೊಡ್ಡಲು ಎದ್ದು ಹೋದೆ. ತಿರುಗಿ ನೋಡಿದರೆ ನನ್ನ ಬೆಂಚು ಯಾವುದೆಂದೇ ತಿಳಿಯಲಿಲ್ಲ. ಹುಡುಕುತ್ತಾ ಸುತ್ತತೊಡಗಿದೆ, ಅದೂ ಬಲಕ್ಕೆ. ಗುಡಿಯೋ ಹುತ್ತವೋ ಅರಳಿಕಟ್ಟೆಯೋ, ನಮ್ಮ ಮನೆಯಲ್ಲಿ ಎಲ್ಲಕ್ಕೂ ಬಲಸುತ್ತೇ. ಎಡಕ್ಕೆ ಸುತ್ತಿದರೆ ಇದ್ದಬದ್ದ ಪುಣ್ಯವೂ ಹೋಗುತ್ತದೆಂದು ಅಪ್ಪ ಹೆದರಿಸಿದ್ದ.

ಒಂದು ಸುತ್ತು, ಎರಡು, ಮೂರು. ಅಪ್ಪ ಇಲ್ಲ, ಅಕ್ಕ ಇಲ್ಲ. ಕೂಗಿದರೆ ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದು. ಚೀಲವನ್ನು ಎದೆಗೆ ಅವುಚಿಕೊಂಡೆ. ಅಕ್ಕನ ಸೀಟು ನನ್ನಿಂದಲೇ ಹೋಯಿತೆಂದು ಅಳು ಉಕ್ಕಿ ಬಂತು.

ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿ ನಕ್ಕ. "ಏನ್ಲಾ ಮಗಾ, ನಿಂದೂ ಹರಕೆನಾ? ಆಗ್ಲಿಂದ ಎಲ್ರೂ ಸುತ್ತೋದೇ ಆಯ್ತಲ್ಲ!" ಎಲ್ಲರೂ ಎಂದರೆ ಯಾರೋ, ನನಗೆ ತಿಳಿಯಲಿಲ್ಲ. ಅವನ ಪೈಪಿನ ನೀರು ದಾರಿಗೆ ಅಡ್ಡಲಾಗಿ ಹರಿದು ಬಂತು. ನಾನು ಗಕ್ಕನೆ ನಿಂತೆ. ನಮ್ಮೂರ ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಗೆ ಹರಿಯುವ ಜಾಗವನ್ನು ಯಾರೂ ದಾಟುವುದಿಲ್ಲ, ಅಲ್ಲಿಂದ ಹಿಂದಕ್ಕೆ ಬರುತ್ತೇವೆ. ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು.

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರಿಗೇ ಅಪ್ಪ! ಅವನ ಹಿಂದೆ ಅಳುತ್ತಾ ಅಕ್ಕ. ಖಾಲಿ ಬೆಂಚು ಕಂಡು ಅವರೂ ಬಲಕ್ಕೇ ಸುತ್ತುತ್ತಾ ನನ್ನನ್ನು ಹುಡುಕುತ್ತಿದ್ದರು. ನಾನು ಮುಂದೆ, ಅವರು ಹಿಂದೆ, ನಡುವೆ ಕಾರಂಜಿ. ಅಕ್ಕ ಮೊದಲು ಚೀಲ ಕಿತ್ತುಕೊಂಡು ಮಾರ್ಕ್ಸ್ ಕಾರ್ಡ್ ನೋಡಿದಳು, ಆಮೇಲೆ ಬೆನ್ನಿಗೊಂದು ಗುದ್ದಿದಳು, ಆಮೇಲೆ ತಬ್ಬಿಕೊಂಡಳು.

"ಇಲ್ಲಿದ್ ಆಲದ್ ಮರ ಎಲ್ಲೋಯ್ತಪ್ಪಾ?" ಎಂದು ಅಪ್ಪ ಮಾಲಿಯನ್ನು ಕೇಳಿದ.

"ಊರು ಚೆಂದ ಕಾಣ್ಲಿ ಅಂತ ಕಡ್ದಾಕುದ್ರು ಕಣಣ್ಣ. ಕಾಲೇಜಾ? ಅಗೋ, ಆ ರಸ್ತೆ."

ಓಡಿದೆವು. ಕೊನೆಯ ಹೆಸರು ಕೂಗುವ ಹೊತ್ತಿಗೆ ಅಕ್ಕ ಬಾಗಿಲಲ್ಲಿದ್ದಳು. ಮುಂದೆ ಅವಳು ರಿಟೈರಾಗುವವರೆಗೂ ಟೀಚರಾಗಿದ್ದಳು. ಅಪ್ಪ ಮಾತ್ರ ಆ ದಿನದಿಂದ ಯಾರಿಗೂ ದಾರಿ ಹೇಳಲಿಲ್ಲ.

ಹೋದ ತಿಂಗಳು ಮೊಮ್ಮಕ್ಕಳ ಜೊತೆ ಅದೇ ಸರ್ಕಲ್ಲಿಗೆ ಹೋಗಿದ್ದೆ. ಅವರಿಗೆ ಮರವೂ ಬೇಡ, ಕುದುರೆಯ ಮುಖವೂ ಬೇಡ, ದಾರಿಯನ್ನೆಲ್ಲ ಫೋನೇ ಹೇಳುತ್ತದೆ. ಕಾರಂಜಿಗೆ ಈಗ ಬಣ್ಣದ ದೀಪ, ಫೋಟೊ ತೆಗೆಸಿಕೊಳ್ಳಲು ಆಳೆತ್ತರದ ಅಕ್ಷರಗಳು. ಅದನ್ನೆಲ್ಲ ಬೆರಗಾಗಿ ನೋಡುತ್ತಿದ್ದವನು ತಿರುಗಿದರೆ ಕಿರಿಯ ಮೊಮ್ಮಗಳು ಇಲ್ಲ! ನನ್ನ ಫೋನು ಕಾರಿನಲ್ಲಿತ್ತು. ಈ ವಯಸ್ಸಿನಲ್ಲೂ ಕಾಲು ಬಲಕ್ಕೇ ಹೊರಟಿತು.

ಅರ್ಧ ಸುತ್ತಿಗೇ ಅವಳು ಎದುರಿಗೆ ಬಂದಳು, ಜೋಳದ ತೆನೆ ಕಡಿಯುತ್ತಾ. "ತಾತ, ಎಲ್ಲೋಗಿದ್ರಿ? ನಾನೇ ಹುಡುಕ್ಕೊಂಡು ಬಂದೆ."

ಪುಣ್ಯಕ್ಕೆ, ಅವಳಿಗೆ ನಾನು ಪ್ರದಕ್ಷಿಣೆ ಹಾಕುವುದನ್ನು ಇನ್ನೂ ಕಲಿಸಿರಲಿಲ್ಲ.