ಬೆಲ್ಟಿನ ಅಂಚು, ಅವ್ವನ ಕಡಗೋಲು

ನನ್ನ ಸೊಂಟದ ಬೆಲ್ಟನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ ಎಂದು ಕಂಡಕಂಡವರಿಗೆ ಹೇಳುವ ಚಟ ಈಚೆಗೆ ನನಗೆ ಅಂಟಿದೆ. ದಾಂಡೇಲಿಯ ಸಂತೆಯಲ್ಲಿ ಪರಿಚಯದವರು ಸಿಕ್ಕರೆ ಅಂಗಿಯನ್ನು ತುಸು ಮೇಲೆತ್ತಿಕೊಂಡೇ ಮಾತಾಡುತ್ತೇನೆ. ಅವರು ಹೊಟ್ಟೆನೋವೇ ಎಂದು ಕೇಳುತ್ತಾರೆ. ಅಲ್ಲ, ಅಂಚು ನೋಡಿ ಎನ್ನುತ್ತೇನೆ. ಬೆಲ್ಟಿಗೆ ಅಂಚೆಂಬುದೊಂದಿದೆ ಎಂದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನನಗಾದರೂ ಎಲ್ಲಿ ಗೊತ್ತಿತ್ತು? ಕಾಗದದ ಕಾರ್ಖಾನೆಯಲ್ಲಿ ಹಾಳೆಗೆ ಹೊಳಪು ಕೊಡುವ ಉರುಳೆಗಳ ಮುಂದೆ ನೌಕರಿ ಸವೆಸಿದವನು ನಾನು. ನಿವೃತ್ತನಾದ ಮೇಲೆ ಕೈ ಸುಮ್ಮನಿರಲಿಲ್ಲ. ಹಳಿಯಾಳದಲ್ಲಿ ಚಪ್ಪಲಿ ಹೊಲಿಯುವ ಯಲ್ಲಪ್ಪನವರ ಅಂಗಡಿಯಲ್ಲಿ ಕೂತು ಕೂತು, ಒಂದು ದಿನ ಅವರಿಂದಲೇ ಒಂದು ಪಟ್ಟಿ ತೊಗಲು ಕೊಂಡೆ. “ಕತ್ತರಸೂದು ಯಾರಿಗೂ ಬರತೈತ್ರಿ. ಅಂಚು ನುಣ್ಣಗ ಮಾಡೂದರಾಗ ಮನಶ್ಯಾನ ತಾಳ್ಮಿ ಗೊತ್ತಾಕ್ಕೈತಿ” ಎಂದರು.

ತೊಗಲಿನ ಹೊರಮೈ ಹುಟ್ಟಾ ಚೆಲುವೆ, ಅದರ ಚಿಂತೆಯಿಲ್ಲ. ಮಾಂಸಕ್ಕೆ ಅಂಟಿಕೊಂಡಿದ್ದ ಒಳಮೈ ಮಾತ್ರ ಎಳೆ ಎದ್ದು ಜುಂಗು ಜುಂಗಾಗಿರುತ್ತದೆ. ಹುಣಸೆಬೀಜದ ಅಂಟನ್ನು ತೆಳ್ಳಗೆ ಸವರಿ ಗಾಜಿನ ಬಾಟಲಿಯಿಂದ ಉಜ್ಜಿದರೆ ಎಳೆಗಳೆಲ್ಲ ಮಲಗುತ್ತವೆ. ಅಂಚು ಹಟಮಾರಿ. ಅದನ್ನು ಒದ್ದೆ ಮಾಡಿ, ಗಟ್ಟಿ ಮರದ ಕಚ್ಚಿನೊಳಗೆ ಕೂರಿಸಿ, ಬಿಸಿಯಾಗುವ ತನಕ ತಿಕ್ಕಬೇಕು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನಾನೂ ಪೆನ್ಸಿಲು, ಪೊರಕೆಯ ಹಿಡಿ, ಕುರ್ಚಿಯ ಕಾಲು ಎಲ್ಲದಕ್ಕೂ ತಿಕ್ಕಿದೆ. ಅಂಚು ಹೊಳೆಯಲಿಲ್ಲ, ಕುರ್ಚಿ ಹೊಳೆಯಿತು.

ಆಗ ಕಣ್ಣಿಗೆ ಬಿದ್ದದ್ದು ಅವ್ವನ ಕಡಗೋಲು. ಮದುವೆಯಾಗಿ ಬರುವಾಗ ಚಿಗಳ್ಳಿಯ ತವರಿನಿಂದ ತಂದದ್ದು. ಪಾಕೀಟಿನ ಹಾಲು ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ವರ್ಷಗಟ್ಟಲೆ ಹಗ್ಗ ಎಳೆದು ಎಳೆದು ಅದರ ದಂಡದ ಮೇಲೆ ಎರಡು ಕಡೆ ನುಣ್ಣನೆಯ ಕಚ್ಚು ಬಿದ್ದಿದೆ. ತೊಗಲಿನ ಅಂಚು ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ತೊಂದರೆಯೊಂದೇ. ನಮ್ಮ ಮನೆಯಲ್ಲಿ ಬೆಲ್ಟಿಗೆ ಪಡಸಾಲೆಯ ಮೊಳೆಯವರೆಗೆ ಮಾತ್ರ ಪರವಾನಗಿ. ಅಡುಗೆಮನೆ, ದೇವರ ಜಗುಲಿಯ ಕಡೆ ಅದು ತಲೆ ಹಾಕುವಂತಿಲ್ಲ. ಅಂಥದರಲ್ಲಿ ಬೆಣ್ಣೆ ತೆಗೆಯುವ ಕಡಗೋಲಿಗೇ ತೊಗಲು! ಅವ್ವ ಮಧ್ಯಾಹ್ನ ಅಡ್ಡಾದ ಹೊತ್ತಿಗೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಹಿತ್ತಲಲ್ಲಿ ಕೂತು ತಿಕ್ಕತೊಡಗಿದೆ.

ಮರ ಬಿಸಿಯಾಯಿತು. ಅಷ್ಟೂ ವರ್ಷ ಅದು ಕುಡಿದಿದ್ದ ಬೆಣ್ಣೆ ಎಚ್ಚರಾಗಿ, ಹಿತ್ತಲಿಗೆಲ್ಲ ಘಮ್ಮೆಂದು ವಾಸನೆ ಹರಡಿತು.

“ಯಾರು ತುಪ್ಪಾ ಕಾಸಾಕ ಹತ್ತೀರಿ?” ಅವ್ವ ಬಾಗಿಲಲ್ಲಿ ನಿಂತಿದ್ದಳು.

ಮೊಮ್ಮಕ್ಕಳನ್ನು ಕಂಡ ಮನುಷ್ಯ ನಾನು, ಬೆಲ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಕಡಗೋಲು ಕೈಯಲ್ಲೇ ಉಳಿಯಿತು. ನಿಜ ಹೇಳುತ್ತೇನೆ, ಬೈಗುಳಕ್ಕೆ ಹೆದರಿದ್ದಲ್ಲ. ಮೈಲಿಗೆಯಾಯಿತು, ಎಸೆದುಬಿಡು ಎಂದರೆ, ಅವಳ ತವರಿನದೆಂದು ಉಳಿದಿದ್ದ ಒಂದೇ ಒಂದು ವಸ್ತುವನ್ನು ನಾನೇ ಕಳೆದಂತಾಗುತ್ತಿತ್ತು.

ಅವ್ವ ಕಡಗೋಲನ್ನು ಇಸಿದುಕೊಂಡು ಮೂಸಿದಳು. ಇನ್ನೊಮ್ಮೆ ಮೂಸಿದಳು. “ನಮ್ಮಜ್ಜನ ಕಾಲಕ್ಕ ತುಪ್ಪಾ ತೊಗಲಿನ ಬುದ್ದಲ್ಯಾಗನ ಇರತಿತ್ತು. ಆಗೇನು ದೇವರು ಮನೀ ಬಿಟ್ಟು ಹೋಗಿದ್ನೇನು? ಆದರ ನೀ ಮಾತ್ರ ಹೊಸ್ತಿಲ ಹೊರಗ ಕುಂಡ್ರು.”

ಹೀಗೆ ಒಡಂಬಡಿಕೆಯಾಯಿತು. ಕಡಗೋಲನ್ನು ತಿರುಗುವಷ್ಟು ಸಡಿಲವಾಗಿ ಹಿತ್ತಲ ಬಾಗಿಲ ಚೌಕಟ್ಟಿಗೆ ಕಟ್ಟಿದೆವು. ಮೇಲಿನ ಕಚ್ಚಿಗೆ ಹಗ್ಗ ಸುತ್ತಿ ಅವ್ವ ಒಳಗೆ ಕೂತು ಎಳೆದಳು. ಕೆಳಗಿನ ಕಚ್ಚಿಗೆ ತೊಗಲು ಹಿಡಿದು ನಾನು ಹೊರಗೆ ಕೂತೆ. ಮಡಿ ಅವಳ ಕಡೆ, ಮೈಲಿಗೆ ನನ್ನ ಕಡೆ, ನಡುವೆ ಕಡಗೋಲು ಗರಗರ ತಿರುಗಿತು. ನಾನು ಬಿರುಸಿನಿಂದ ಒತ್ತಿದಾಗ, “ಸಿಟ್ಟಿನವರಿಗೆ ಬೆಣ್ಣಿ ಬರೂದಿಲ್ಲೋ, ಸಾವಕಾಶ” ಎಂದು ಗದರಿದಳು. ಗಳಿಗೆಯೊಳಗೆ ಅಂಚು ಹುಣಸೆಬೀಜದ ಹಾಗೆ ಮಿಂಚಿತು. ಒಳಮೈಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, “ಇಲ್ಲಿ ಇನ್ನಾ ಜುಂಗೈತಿ” ಎಂದು ತಪ್ಪು ಹುಡುಕಿದಳು.

ಬೆಲ್ಟು ಮುಗಿಯಿತು, ಕೆಲಸವೂ ಮುಗಿಯಿತು ಅಂದುಕೊಂಡೆ. ಮರುದಿನ ಊಟವಾಗಿ ಕೈ ತೊಳೆದು ಬಂದರೆ, ಅವ್ವ ಆಗಲೇ ಹೊಸ್ತಿಲ ಒಳಗೆ ಹಗ್ಗ ಹಿಡಿದು ಕೂತಿದ್ದಾಳೆ. “ತೊಗಲು ಎಲ್ಲೈತೋ?”

ಯಲ್ಲಪ್ಪನವರಲ್ಲಿಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ನನಗಿರುವುದು ಒಂದೇ ಸೊಂಟ, ಈಗ ಬೆಲ್ಟು ಒಂಬತ್ತು. ನಿಮ್ಮ ಸೊಂಟದ ಅಳತೆ ಎಷ್ಟು, ಸ್ವಲ್ಪ ಹೇಳಿ, ಅವ್ವ ಕಾಯುತ್ತಿದ್ದಾಳೆ.